ಗೆದ್ದ ಅರ್ಜಿಯ ಪಕ್ಕದಲ್ಲಿ ಸೋತ ಅರ್ಜಿ: ಒಂದು ಪ್ರಕರಣ ಅಧ್ಯಯನ

ಸಂಶೋಧನಾ ಅನುದಾನಕ್ಕೆ ಅರ್ಜಿ ಬರೆಯುವವರಿಗೆ ಸಲಹೆ ಕೊಡುವ ಕೆಲಸದಲ್ಲಿ ಒಂದು ಬೇಡಿಕೆ ಪದೇಪದೇ ಕಿವಿಗೆ ಬೀಳುತ್ತದೆ: "ಹಿಂದೆ ಮಂಜೂರಾದ ಅರ್ಜಿ ಒಂದಾದರೂ ನೋಡಲು ಸಿಗುತ್ತದೆಯೇ?" ಈ ಬೇಡಿಕೆಗೆ ತನ್ನ ಅರ್ಜಿಯನ್ನೇ ಎಲ್ಲರ ಮುಂದಿಟ್ಟು ಉತ್ತರ ಕೊಟ್ಟ ಒಬ್ಬ ಸಂಶೋಧಕಿಯ ಪ್ರಕರಣವನ್ನು ಇಲ್ಲಿ ಬರೆದಿದ್ದೇನೆ. ಅರ್ಜಿಯ ಮೊದಲ ಕರಡಿನಿಂದ ಹಿಡಿದು ಅದು ಸಾರ್ವಜನಿಕವಾದ ಮೇಲಿನ ಜಗಳಗಳವರೆಗೆ ಎಲ್ಲವನ್ನೂ ಹತ್ತಿರದಿಂದ ನೋಡಿದ್ದೇನೆ. ಅವರ ಹೆಸರು, ಸಂಸ್ಥೆ, ಅನುದಾನ ಕೊಟ್ಟವರ ಹೆಸರು ಯಾವುದನ್ನೂ ಹೇಳುವುದಿಲ್ಲ. ಸಂಶೋಧನೆಯ ವಿಷಯವನ್ನೂ ಬದಲಿಸಿದ್ದೇನೆ. ಆ್ಯಂಟಿಬಯಾಟಿಕ್ ನಿರೋಧದ, ಅಂದರೆ ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗದಿರುವುದರ, ಉದಾಹರಣೆಗಳು ಅವರ ಅರ್ಜಿಯ ರಚನೆಗೆ ಹೊಂದುವಂತೆ ನಾನು ಕೂಡಿಸಿಕೊಂಡವು. ಯಾವ ತೀರ್ಮಾನದ ನಂತರ ಯಾವುದು ಬಂತು ಎಂಬುದನ್ನು ಮಾತ್ರ ಇದ್ದಂತೆಯೇ ಉಳಿಸಿದ್ದೇನೆ.

ಹಿನ್ನೆಲೆ

ಸಂಶೋಧಕಿ ಪಿಎಚ್.ಡಿ. ಮುಗಿಸಿ ಸ್ವತಂತ್ರ ಫೆಲೋಶಿಪ್ ಒಂದಕ್ಕೆ ಅರ್ಜಿ ಹಾಕಿದರು. ಮೊದಲ ಸಲ ತಿರಸ್ಕೃತವಾಯಿತು. ಮುಂದಿನ ಸುತ್ತಿನಲ್ಲಿ ಅದೇ ವಿಷಯವನ್ನು ಹೊಸದಾಗಿ ಬರೆದು ಹಾಕಿದರು, ಮಂಜೂರಾಯಿತು. ಈ ಎರಡರ ನಡುವೆ, ದೊಡ್ಡ ಪ್ರಯೋಗಾಲಯವೊಂದರಲ್ಲಿದ್ದ ಗೆಳತಿ ತಮ್ಮಲ್ಲಿದ್ದ ಹಳೆಯ ಯಶಸ್ವಿ ಅರ್ಜಿಯೊಂದನ್ನು "ದಯವಿಟ್ಟು ಯಾರಿಗೂ ಕಳಿಸಬೇಡ" ಎಂದು ಹೇಳಿ ಕಳಿಸಿದ್ದರು. ಮಾರ್ಗಸೂಚಿಯಲ್ಲಿ ಎಲ್ಲೂ ಬರೆಯದಿದ್ದ ಹಲವು ಸಂಗತಿಗಳು ಅದರಲ್ಲಿ ಕಣ್ಣಿಗೆ ಬಿದ್ದವು. ಪ್ರಾಥಮಿಕ ದತ್ತಾಂಶಕ್ಕೆ (ಅರ್ಜಿಗೆ ಮುಂಚೆಯೇ ಮಾಡಿ ನೋಡಿದ ಪ್ರಯೋಗಗಳ ಫಲಿತಾಂಶಕ್ಕೆ) ಎಷ್ಟು ಜಾಗ ಕೊಡಬೇಕು, ಬೇರೆ ಶಾಖೆಯ ಪರಿಶೀಲಕರಿಗೂ ಮೊದಲ ಪುಟ ತಿಳಿಯಬೇಕಾದರೆ ಎಷ್ಟು ಪಾರಿಭಾಷಿಕ ಪದಗಳನ್ನು ಬಿಡಬೇಕು, ಬಜೆಟ್ ಸಮರ್ಥನೆ ಎಷ್ಟು ಸಪ್ಪೆಯಾಗಿದ್ದರೂ ನಡೆಯುತ್ತದೆ, ಹೀಗೆ.

ದೊಡ್ಡ ಪ್ರಯೋಗಾಲಯಗಳಲ್ಲಿ ಇಂಥ ಕಡತಗಳು ಒಂದು ಫೋಲ್ಡರಿನಲ್ಲಿ ಕೂಡಿಬಿದ್ದಿರುತ್ತವೆ. ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಅದರ ದಾರಿ ತೋರಿಸುವುದು ಅಲ್ಲಿ ದೊಡ್ಡ ವಿಷಯವೇ ಅಲ್ಲ. ಅಂಥ ಹಿರಿಯರಿಲ್ಲದ ಕಡೆ ಇರುವವನಿಗೆ ಮಾರ್ಗಸೂಚಿಯ ಪುಟಗಳೇ ಗತಿ. ಅದರಲ್ಲಿ "ಪ್ರಸ್ತಾವವು ನವೀನವೂ ಕಾರ್ಯಸಾಧ್ಯವೂ ಆಗಿರತಕ್ಕದ್ದು" ಎಂದಿರುತ್ತದೆ. ಓದಿದವನಿಗೆ ಅದರಿಂದ ಸಿಗುವುದು ಗಾಬರಿಯೊಂದೇ.

ಮಂಜೂರಾದ ಅರ್ಜಿಗಳನ್ನು ತೆರೆದಿಡುವುದು ಹೊಸ ಕಲ್ಪನೆಯೇನಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಭಾಗವಾದ ಅಲರ್ಜಿ ಮತ್ತು ಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಸಂಸ್ಥೆಯು ಸಂಶೋಧಕರ ಅನುಮತಿ ಪಡೆದು, ಮಂಜೂರಾದ ಮಾದರಿ ಅರ್ಜಿಗಳನ್ನು ಪರಿಶೀಲಕರ ಟಿಪ್ಪಣಿಗಳ ಸಮೇತ ಪ್ರಕಟಿಸಿದೆ. ಓಪನ್ ಗ್ರಾಂಟ್ಸ್ ಎಂಬ ಸಂಗ್ರಹದಲ್ಲಿ ಸಂಶೋಧಕರು ತಾವಾಗಿಯೇ ಕೊಟ್ಟ ಅರ್ಜಿಗಳಿವೆ, ಗೆದ್ದವೂ ಸೋತವೂ. ಆದರೆ ನಮ್ಮ ಸಂಶೋಧಕಿ ಅರ್ಜಿ ಹಾಕಿದ ಯೋಜನೆಗೆ ಅಂಥ ಮಾದರಿ ಎಲ್ಲೂ ಇರಲಿಲ್ಲ. ಇನ್ನೊಂದು ಯೋಜನೆಯ ಮಾದರಿ ಸ್ವಲ್ಪ ದೂರ ಕೈಹಿಡಿದು ನಡೆಸುತ್ತದೆ. ಶೀರ್ಷಿಕೆಗಳು ಬೇರೆಯಾದ ಕೂಡಲೇ ಕೈಬಿಡುತ್ತದೆ.

ತೊಡಕು

ಫಲಿತಾಂಶ ಹೊರಬಿದ್ದ ವಾರದಿಂದಲೇ ಇಮೇಲುಗಳು ಬರತೊಡಗಿದವು. ಕೇಳಿದವರಿಗೆಲ್ಲ ಅವರು ಕಡತ ಕಳಿಸುತ್ತಿದ್ದರು. ಸ್ವಲ್ಪ ಕಾಲದ ನಂತರ ಒಂದು ಅಂಶ ಅವರ ಗಮನಕ್ಕೆ ಬಂತು: ಕೇಳುತ್ತಿದ್ದವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಪರಿಚಯದವರೇ. ಸಮ್ಮೇಳನದಲ್ಲಿ ಸಿಕ್ಕವರು, ಗೆಳೆಯರ ಗೆಳೆಯರು, ಮಾರ್ಗದರ್ಶಕರ ಹಳೆಯ ವಿದ್ಯಾರ್ಥಿಗಳು. ಗುರುತಿಲ್ಲದವರಿಗೆ ಬರೆದು ಕೇಳುವ ಧೈರ್ಯ ಯಾರಿಗಿಲ್ಲವೋ ಅವರಿಗೇ ಮಾದರಿಯ ಅಗತ್ಯ ಹೆಚ್ಚು, ಅವರೇ ಕೇಳುತ್ತಿರಲಿಲ್ಲ. ಗೆಳತಿ ತನಗೆ ಮಾಡಿದ ಉಪಕಾರವನ್ನು ತಾನು ಅದೇ ಬೇಲಿಯೊಳಗೆ ಮತ್ತೆ ಮಾಡುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿತು. ಅರ್ಜಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಡುವ ಯೋಚನೆ ಹುಟ್ಟಿದ್ದು ಹಾಗೆ.

ಮೊದಲ ಆಕ್ಷೇಪ ಮಾರ್ಗದರ್ಶಕರದು. "ನಿನ್ನ ಮುಂದಿನ ವರ್ಷಗಳ ಕೆಲಸವೆಲ್ಲ ಅದರಲ್ಲಿದೆ. ನಮಗಿಂತ ಹೆಚ್ಚು ಜನ, ಹೆಚ್ಚು ಉಪಕರಣ ಇರುವವರು ಓದಿದರೆ ಆರು ತಿಂಗಳಲ್ಲಿ ಮಾಡಿ ಮುಗಿಸುತ್ತಾರೆ," ಎಂದರು. "ಸರ್, ಸಮಿತಿಯವರು ಆಗಲೇ ಓದಿಯಾಗಿದೆಯಲ್ಲ," ಎಂದು ಇವರು. "ಅವರು ಗೋಪ್ಯತೆಗೆ ಸಹಿ ಹಾಕಿ ಓದಿದ್ದಾರಮ್ಮ," ಎಂದು ಅವರು. ಮಾರ್ಗದರ್ಶಕರ ಅಂಜಿಕೆಯನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಚಿಕ್ಕ ಗುಂಪಿನ ಸಂಶೋಧಕರಿಗೆ ಕೈಯಲ್ಲಿರುವುದು ಕಲ್ಪನೆ ಮಾತ್ರ. ಸೌಲಭ್ಯವಿರುವವರ "ಎಲ್ಲವನ್ನೂ ತೆರೆದಿಡಿ" ಎಂಬ ಉಪದೇಶ ಅವರಿಗೆ ಅಗ್ಗವಾಗಿ ಕೇಳಿಸುವುದು ಸಹಜ.

ಎರಡನೆಯ ತೊಡಕು ಅರ್ಜಿ ಯಾರದು ಎಂಬುದು. ಕಡತದ ಮೇಲೆ ಹೆಸರು ಒಂದೇ ಇದ್ದರೂ ಒಳಗೆ ಹಲವರ ಕೈ ಇತ್ತು. ಒಂದು ಚಿತ್ರ ಸಹಸಂಶೋಧಕರ ಇನ್ನೂ ಪ್ರಕಟವಾಗದ ದತ್ತಾಂಶ. ವಿಧಾನದ ಒಂದು ಪುಟವನ್ನು ಅವರೇ ಬರೆದು ಕೊಟ್ಟಿದ್ದರು. ಸೌಲಭ್ಯಗಳ ವಿವರಣೆ ಸಂಸ್ಥೆಯ ಸಿದ್ಧಪಠ್ಯ. ಶಿಫಾರಸು ಪತ್ರಗಳು ಅವನ್ನು ಬರೆದ ಹಿರಿಯರವು. ಅವು ಸಮಿತಿಯನ್ನು ಉದ್ದೇಶಿಸಿ ಬರೆದವು. ಇವುಗಳಲ್ಲಿ ಯಾವುದನ್ನೂ ಹಂಚುವ ಹಕ್ಕು ಅರ್ಜಿದಾರರೊಬ್ಬರಿಗೇ ಇರಲಿಲ್ಲ.

ಮೂರನೆಯದು ಪೇಟೆಂಟ್. ಅರ್ಜಿಯ ಮೂರನೆಯ ಉದ್ದೇಶದಲ್ಲಿ ನಿರೋಧ ಹರಡುವುದನ್ನು ತಡೆಯಬಲ್ಲ ಕೆಲವು ಅಣುಗಳ ಪ್ರಸ್ತಾಪವಿತ್ತು. ಯುರೋಪಿಯನ್ ಪೇಟೆಂಟ್ ಒಪ್ಪಂದದ 54ನೆಯ ವಿಧಿಯ ಪ್ರಕಾರ, ಪೇಟೆಂಟಿಗೆ ಅರ್ಜಿ ಸಲ್ಲಿಸುವ ಮೊದಲು ಸಾರ್ವಜನಿಕವಾದದ್ದು ಹೊಸದಲ್ಲ. ಬಹಿರಂಗಪಡಿಸಿದವರು ಸ್ವತಃ ಸಂಶೋಧಕರೇ ಆದರೂ ಅಷ್ಟೇ. ಅಮೆರಿಕದಲ್ಲಿ ಸಂಶೋಧಕರು ತಾವೇ ಬಹಿರಂಗಪಡಿಸಿದ್ದರೆ ಒಂದು ವರ್ಷದ ಅವಕಾಶವಿದೆ. ಅದನ್ನು ನಂಬಿ ಕುಳಿತರೆ ಯುರೋಪಿನಲ್ಲಿ ಬಾಗಿಲು ಮುಚ್ಚಿರುತ್ತದೆ. ಅಂದರೆ ಒಳ್ಳೆಯ ಮನಸ್ಸಿನಿಂದ ಹಂಚಿದ ಒಂದು ಪುಟ ಮುಂದೆ ಸಂಸ್ಥೆಯ ಪೇಟೆಂಟನ್ನೇ ಕಳೆಯಬಹುದು.

ಮೊದಲ ಯತ್ನ

ಸಂಶೋಧಕಿ ಎಲ್ಲ ಆಕ್ಷೇಪಗಳನ್ನೂ ಒಂದೇ ಸಲ ಬಗೆಹರಿಸಲು ಹೋಗಲಿಲ್ಲ. ಅವರು ಮೊದಲು ತೀರ್ಮಾನಿಸಿದ್ದು ಸಮಯವನ್ನು: ಹಂಚುವುದು ಖಂಡಿತ, ಈಗಲೇ ಅಲ್ಲ. ಅನುದಾನ ಕೈಗೆ ಬಂದು, ಮೊದಲ ಉದ್ದೇಶದ ಪ್ರಯೋಗಗಳು ನಡೆದು, ಅದರ ಫಲಿತಾಂಶ ಪ್ರಬಂಧವಾಗುವ ಹಂತಕ್ಕೆ ಬಂದ ಮೇಲೆ. ಮಾರ್ಗದರ್ಶಕರ ಅರ್ಧ ಅಂಜಿಕೆ ಇದರಿಂದಲೇ ಕರಗಿತು. ಯಾರಾದರೂ ಓದಿ ಓಡತೊಡಗಿದರೂ ಇವರು ಆಗಲೇ ಮುಂದಿರುತ್ತಾರೆ. ಅರ್ಜಿಯಿಂದ ಕಲಿಯಬೇಕಾದ ಕಿರಿಯರಿಗೆ ಒಂದು ವರ್ಷ ತಡವಾದರೆ ನಷ್ಟ ಹೆಚ್ಚಿಲ್ಲ. ಅವರಿಗೆ ಬೇಕಾದದ್ದು ಬರವಣಿಗೆಯ ಕ್ರಮ, ಈ ಕ್ಷಣದ ಗುಟ್ಟಲ್ಲ.

ಆಮೇಲೆ ಪಾಲುದಾರರ ಅನುಮತಿ. ಸಹಸಂಶೋಧಕರು ಚಿತ್ರಕ್ಕೆ ಒಪ್ಪಿದರು, ವಿಧಾನದ ಪುಟಕ್ಕೆ ಒಪ್ಪಲಿಲ್ಲ. ಅವರೊಡನೆ ವಾದಿಸದೆ ಆ ಪುಟವನ್ನು ತೆಗೆದು, ಅಲ್ಲಿ ಏನಿತ್ತು ಎಂದು ಒಂದು ಸಾಲು ಬರೆದರು. ಶಿಫಾರಸು ಪತ್ರಗಳನ್ನು ಪೂರ್ತಿ ಬಿಟ್ಟರು. ಅಣುಗಳ ಹೆಸರು, ರಚನೆಗಳನ್ನು ಅಳಿಸಿದರು. ಸಂಬಳದ ಅಂಕಿಗಳು, ಜನ್ಮದಿನಾಂಕ, ಮನೆ ವಿಳಾಸ, ಗುರುತಿನ ಸಂಖ್ಯೆಗಳಿಗೆ ಕಪ್ಪು ಪಟ್ಟಿ ಎಳೆದರು.

ಕಡತ ಹೊರಹೋಗುವ ಮುಂಚಿನ ದಿನ ಅದನ್ನು ಒಮ್ಮೆ ನೋಡಿಕೊಡು ಎಂದು ಪ್ರಯೋಗಾಲಯದ ವಿದ್ಯಾರ್ಥಿಯೊಬ್ಬನಿಗೆ ಕೊಟ್ಟಿದ್ದರು. ಅವನು ಕಪ್ಪು ಪಟ್ಟಿಗಳಿದ್ದ ಪುಟವನ್ನು ಪೂರ್ತಿ ಆಯ್ಕೆ ಮಾಡಿ, ನಕಲಿಸಿ, ಖಾಲಿ ಕಡತವೊಂದಕ್ಕೆ ಅಂಟಿಸಿದ. ಸಂಬಳ, ಜನ್ಮದಿನಾಂಕ, ಅಣುಗಳಲ್ಲಿ ಒಂದರ ಹೆಸರು ಎಲ್ಲವೂ ಸಾಲಾಗಿ ಬಂದು ಕುಳಿತವು. ಪಿಡಿಎಫ್‌ನಲ್ಲಿ ಅಕ್ಷರದ ಮೇಲೆ ಚೌಕ ಎಳೆದರೆ ಅಕ್ಷರ ಅಳಿಯುವುದಿಲ್ಲ, ಕೆಳಗೆ ಹಾಗೆಯೇ ಇರುತ್ತದೆ. ಕಡತದ ಗುಣಲಕ್ಷಣಗಳ ಪಟ್ಟಿಯಲ್ಲಿ ಕರಡು ತಿದ್ದಿದವರೊಬ್ಬರ ಹೆಸರೂ ಸಿಕ್ಕಿತು. ಕೊನೆಗೆ ಮೂಲ ಕಡತಕ್ಕೇ ಹೋಗಿ ಪದಗಳನ್ನು ಕಿತ್ತುಹಾಕಿ, "ತೆಗೆಯಲಾಗಿದೆ" ಎಂದು ಬರೆದು, ಹೊಸ ಪಿಡಿಎಫ್ ಮಾಡಿದರು. ಅರ್ಜಿ ಹಂಚಲು ಹೊರಟವರಿಗೆ ನಾನು ಮೊದಲು ಹೇಳುವುದು ಈಗ ಇದನ್ನೇ: ಬೇರೆಯವನ ಕೈಗೆ ಕೊಟ್ಟು, ನಕಲಿಸಿ ಅಂಟಿಸಿ ನೋಡಲು ಹೇಳಿ.

ಇಡುವ ಜಾಗದ ವಿಷಯದಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಸ್ವಂತ ಪುಟದಲ್ಲಿಟ್ಟರೆ ಕೆಲಸ ಬದಲಿಸಿದಾಗ ಕೊಂಡಿ ಸಾಯುತ್ತದೆ. ಯುರೋಪಿನ ಕಣಭೌತ ಸಂಶೋಧನಾ ಸಂಸ್ಥೆ ಸರ್ನ್ 2013ರಲ್ಲಿ ಆರಂಭಿಸಿದ ಝೆನೋಡೋದಂಥ ಸಂಗ್ರಹದಲ್ಲಿ ಇಟ್ಟರೆ ಶಾಶ್ವತ ಗುರುತು, ಅಂದರೆ ಡಿಒಐ ಸಿಗುತ್ತದೆ; ಹೊಸ ಆವೃತ್ತಿ ಸೇರಿಸಿದರೆ ಹಳೆಯದೂ ಉಳಿಯುತ್ತದೆ. ಪರವಾನಗಿಯ ಬಗ್ಗೆ ಮಾತ್ರ ಸ್ವಲ್ಪ ಎಳೆದಾಟ ನಡೆಯಿತು. ಕ್ರಿಯೇಟಿವ್ ಕಾಮನ್ಸ್ ಎಂಬ ಸಿದ್ಧ ಮುಕ್ತ ಪರವಾನಗಿಗಳಲ್ಲಿ "ಮಾರ್ಪಡಿಸಿ ಹಂಚುವಂತಿಲ್ಲ" ಎಂಬ ಷರತ್ತು ಹಾಕಿದರೆ ನಕಲು ನಿಲ್ಲುತ್ತದೆ ಎಂದು ಮಾರ್ಗದರ್ಶಕರ ನಂಬಿಕೆ. ಆ ಷರತ್ತಿನಿಂದ ನಿಲ್ಲುವುದು ಅನುವಾದ, ತರಗತಿಗೆ ಬೇಕಾದಂತೆ ಟಿಪ್ಪಣಿ ಸೇರಿಸಿ ಹಂಚುವುದು ಇಂಥವು. ಕದಿಯುವವನು ಪರವಾನಗಿ ಓದಿ ಕದಿಯುವುದಿಲ್ಲ. ಹೆಸರು ಉಲ್ಲೇಖಿಸಿದರೆ ಸಾಕು ಎನ್ನುವ ಪರವಾನಗಿಯನ್ನೇ ಸಂಶೋಧಕಿ ಆರಿಸಿಕೊಂಡರು.

ಆದದ್ದು

ಮೊದಲ ತಿಂಗಳುಗಳಲ್ಲಿ ಬಂದದ್ದು ಕೃತಜ್ಞತೆಯೇ. ಗುರುತಿಲ್ಲದವರು ಬರೆದರು, ಅವರಲ್ಲಿ ಕೆಲವರು ಇಂಥ ಅರ್ಜಿಯೊಂದನ್ನು ಪೂರ್ತಿ ಓದಿದ್ದು ಅದೇ ಮೊದಲು ಎಂದರು. ಇದಕ್ಕಾಗಿಯೇ ಹಂಚಿದ್ದು ಎಂದು ಸಂಶೋಧಕಿಗೆ ಸಮಾಧಾನವಾಯಿತು.

ತೊಂದರೆ ಕಾಣಿಸಿದ್ದು ಮುಂದಿನ ಸುತ್ತಿನ ಅರ್ಜಿಗಳು ನಮ್ಮ ಆಂತರಿಕ ಪರಿಶೀಲನೆಗೆ ಬಂದಾಗ. ಗೆದ್ದ ಅರ್ಜಿ ಹೀಗೆ ಶುರುವಾಗುತ್ತಿತ್ತು: "ಒಂದು ಬ್ಯಾಕ್ಟೀರಿಯಾದ ನಿರೋಧಗುಣವನ್ನು ಇನ್ನೊಂದು ಎಷ್ಟು ಬೇಗ ಪಡೆಯುತ್ತದೆ ಎಂದು ಅಳೆಯಲು ನಮಗೆ ಬರುತ್ತದೆ. ಯಾವಾಗ ಪಡೆಯುವುದಿಲ್ಲ ಎಂಬುದು ಗೊತ್ತಿಲ್ಲ." ಒಳ್ಳೆಯ ಆರಂಭ. ಈಗ ಒಂದರ ಹಿಂದೊಂದು ಕರಡು "ಅಳೆಯಲು ಬರುತ್ತದೆ, ಯಾವಾಗ ಇಲ್ಲ ಎಂಬುದು ಗೊತ್ತಿಲ್ಲ" ಎಂಬ ಧಾಟಿಯಲ್ಲೇ ಶುರುವಾಗುತ್ತಿತ್ತು. ಕೆಲವು ವಿಷಯಗಳಲ್ಲಿ ಆ ಮಾತು ನಿಜವೂ ಆಗಿರಲಿಲ್ಲ. ಅಳೆಯುವುದೇ ಅಲ್ಲಿನ ಸಮಸ್ಯೆ. ಉದ್ದೇಶಗಳು ಎಲ್ಲರಿಗೂ ಮೂರು. ಮೂರನೆಯದು ಎಲ್ಲರಲ್ಲೂ ಚಿಕ್ಕದು.

ಇಷ್ಟೇ ಆಗಿದ್ದರೆ ನಕ್ಕು ತಿದ್ದಬಹುದಿತ್ತು. ಒಂದು ಕರಡಿನಲ್ಲಿ "ಎದುರಾಗಬಹುದಾದ ಅಡಚಣೆ ಮತ್ತು ಪರ್ಯಾಯ" ಎಂಬ ಭಾಗ ಹೆಚ್ಚುಕಡಿಮೆ ಪದಶಃ ಇತ್ತು. ಪ್ರಯೋಗ ಕೈಕೊಟ್ಟರೆ ಇಂಥ ಉಪಕರಣದಲ್ಲಿ ಮತ್ತೊಮ್ಮೆ ಅಳೆಯುತ್ತೇವೆ ಎಂಬ ವಾಕ್ಯ ಅದರಲ್ಲಿತ್ತು. ಬರೆದವನ ಪ್ರಯೋಗಾಲಯದಲ್ಲಿ ಆ ಉಪಕರಣ ಇರಲೇ ಇಲ್ಲ. ಕೇಳಿದಾಗ ಅವನು ಸುಳ್ಳು ಹೇಳಲಿಲ್ಲ. "ಆ ಭಾಗದಲ್ಲಿ ಏನು ಬರೆಯಬೇಕು ಎಂದೇ ನನಗೆ ತಿಳಿಯಲಿಲ್ಲ. ಅದು ಗೆದ್ದ ಅರ್ಜಿ ಅಲ್ಲವೇ, ಹಾಗೆಯೇ ಇದ್ದರೆ ಸರಿ ಎಂದುಕೊಂಡೆ," ಎಂದ.

ಇದು ಗೊತ್ತಾದ ದಿನ ಮಾರ್ಗದರ್ಶಕರು, ಇನ್ನಿಬ್ಬರು ಹಿರಿಯರು ಒಂದೇ ಮಾತು ಹೇಳಿದರು: ಕಡತವನ್ನು ತೆಗೆದುಬಿಡಿ. ಕೃತಿಚೌರ್ಯವೆಂದು ಸಾಬೀತಾದರೆ ಹುಡುಗನ ಅರ್ಜಿಯ ಜೊತೆ ಸಂಸ್ಥೆಯ ಹೆಸರೂ ಹಾಳು ಎಂಬ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹೋಲಿಕೆ ಪತ್ತೆಹಚ್ಚುವ ತಂತ್ರಾಂಶಗಳು ಅನುದಾನ ಸಂಸ್ಥೆಗಳ ಕೈಯಲ್ಲೂ ಇವೆ.

ತಿರುವು

ಸಂಶೋಧಕಿ ಕಡತ ತೆಗೆಯಲಿಲ್ಲ. ಹುಡುಗನ ಮಾತಿನಲ್ಲಿ ಹಿರಿಯರಿಗೆ ಕಳ್ಳತನ ಕಂಡಿತ್ತು, ಇವರಿಗೆ ಬೇರೊಂದು ಕಂಡಿತು. ಅವನ ಮುಂದಿದ್ದದ್ದು ಒಂದೇ ಒಂದು ಅರ್ಜಿ, ಅದೂ ಗೆದ್ದದ್ದು. ಅದರಲ್ಲಿ ಯಾವುದು ಗೆಲುವಿಗೆ ಕಾರಣ, ಯಾವುದು ಸುಮ್ಮನೆ ಜೊತೆಗಿತ್ತು, ಯಾವುದು ದೋಷವಿದ್ದೂ ಪಾರಾಯಿತು ಎಂದು ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಎಲ್ಲವೂ ಮಂತ್ರದಂತೆ ಕಂಡಿತು. ಒಂದಕ್ಷರ ಬಿಟ್ಟರೂ ಫಲ ತಪ್ಪೀತು ಎಂಬ ಭಯದಲ್ಲಿ ಹಾಗೆಯೇ ಪಠಿಸಿದ.

ಗೆದ್ದ ಅರ್ಜಿಯ ಪ್ರತಿ ಸಾಲೂ ಗೆದ್ದ ಸಾಲಲ್ಲ ಎನ್ನಲು ಸಂಶೋಧನೆಯ ಆಧಾರವೂ ಇದೆ. 2018ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪಿಎನ್‌ಎಎಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 43 ಪರಿಶೀಲಕರಿಗೆ ಎನ್‌ಐಎಚ್‌ನ 25 ಅರ್ಜಿಗಳನ್ನು ಹಂಚಿ ಅಂಕ ಕೊಡಿಸಿದ್ದರು. ಒಂದೇ ಅರ್ಜಿಗೆ ಬೇರೆಬೇರೆಯವರು ಕೊಟ್ಟ ಅಂಕಗಳ ನಡುವೆ ಹೊಂದಾಣಿಕೆ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಒಬ್ಬರು ಮೆಚ್ಚಿದ್ದನ್ನು ಇನ್ನೊಬ್ಬರು ದೋಷವೆಂದು ಬರೆದಿರುವುದು ಈ ಕೆಲಸದಲ್ಲಿರುವವರಿಗೆ ಹೊಸತೇನಲ್ಲ. ಗಡಿಯ ಹತ್ತಿರ ಬಂದು ನಿಂತ ಅರ್ಜಿಗಳಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಎನ್ನುವುದರಲ್ಲಿ ಅದೃಷ್ಟದ ಪಾಲು ಸಣ್ಣದಲ್ಲ. ಹೀಗಿರುವಾಗ ಒಂದೇ ಗೆಲುವನ್ನು ಪಠ್ಯಪುಸ್ತಕವಾಗಿಸುವುದು ಅಪಾಯವೇ.

ಹಾಗಾಗಿ ಅವರು ಹಂಚುವುದನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿದರು. ಈ ಪ್ರಕರಣವನ್ನು ಬರೆಯಲು ನನಗಿದ್ದ ಕಾರಣವೇ ಈ ತೀರ್ಮಾನ. ಹಿಂದಿನ ಸುತ್ತಿನಲ್ಲಿ ತಿರಸ್ಕೃತವಾಗಿದ್ದ ಅರ್ಜಿಯನ್ನು ಗೆದ್ದದ್ದರ ಪಕ್ಕದಲ್ಲಿ ಇಟ್ಟರು. ಸೋತದ್ದನ್ನು ತೋರಿಸಲು ಅವರಿಗೆ ಸಂಕೋಚವಿತ್ತು. ಅದರ ಮೊದಲ ವಾಕ್ಯ "ಆ್ಯಂಟಿಬಯಾಟಿಕ್ ನಿರೋಧವು ಇಂದು ಜಗತ್ತನ್ನು ಕಾಡುತ್ತಿರುವ ಗಂಭೀರ ಸಮಸ್ಯೆಯಾಗಿದೆ" ಎಂದಿತ್ತು, ಶಾಲೆಯ ಪ್ರಬಂಧದ ಹಾಗೆ. ಆದರೂ ಇಟ್ಟರು.

ಪರಿಶೀಲಕರ ಟಿಪ್ಪಣಿಗಳನ್ನು ಹಾಗೆಯೇ ಹಾಕಲು ಅನುದಾನ ಸಂಸ್ಥೆಯ ನಿಯಮ ಬಿಡುತ್ತಿರಲಿಲ್ಲ. ಆದ್ದರಿಂದ ಟಿಪ್ಪಣಿಗಳ ಪದಗಳನ್ನು ಮುಟ್ಟದೆ, ತಾವು ಏನನ್ನು ಬದಲಿಸಿದೆವು, ಏಕೆ ಎಂಬುದನ್ನು ಮಾತ್ರ ಅಂಚಿನಲ್ಲಿ ಬರೆದರು. ಹಾಗೆ ಬರೆಯಬಹುದೇ ಎಂದು ಸಂಸ್ಥೆಯನ್ನು ಮುಂಚೆಯೇ ಕೇಳಿ ಒಪ್ಪಿಗೆ ಪಡೆದಿದ್ದರು. ಆ ಅಂಚಿನ ಟಿಪ್ಪಣಿಗಳಲ್ಲಿ ಒಂದು ಹೀಗಿದೆ. ಸೋತ ಅರ್ಜಿಯಲ್ಲಿ ಮೊದಲ ಉದ್ದೇಶ ಹೊಸ ನಿರೋಧ ವಂಶವಾಹಿಗಳನ್ನು ಪತ್ತೆಹಚ್ಚುವುದು. ಎರಡನೆಯದು ಹಾಗೆ ಪತ್ತೆಯಾದವು ಒಂದು ಜೀವಿಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತವೆ ಎಂದು ನೋಡುವುದು. ಮೂರನೆಯದು ಆ ದಾಟುವಿಕೆಯನ್ನು ತಡೆಯುವುದು. ಓದಲು ಸೊಗಸಾದ ಸರಪಳಿ. ಆದರೆ ಮೊದಲನೆಯದರಲ್ಲಿ ಏನೂ ಸಿಗದಿದ್ದರೆ ಉಳಿದ ಎರಡಕ್ಕೂ ಕೆಲಸವಿಲ್ಲ. ಗೆದ್ದ ಅರ್ಜಿಯಲ್ಲಿ ಎರಡನೆಯ ಉದ್ದೇಶ ಆಗಲೇ ಗೊತ್ತಿರುವ ವಂಶವಾಹಿಗಳಿಂದ ಶುರುವಾಗುತ್ತದೆ, ಹೊಸವು ಸಿಕ್ಕರೆ ಸೇರಿಕೊಳ್ಳುತ್ತವೆ. ಅಂಚಿನಲ್ಲಿ ಅವರು ಬರೆದದ್ದು: "ಇಲ್ಲಿ ಸರಪಳಿ ಕತ್ತರಿಸಿದೆ. ಇದೊಂದೇ ಬದಲಾವಣೆಗೆ ತೆಗೆದುಕೊಂಡ ಸಮಯ ಉಳಿದೆಲ್ಲ ತಿದ್ದುಪಡಿಗಿಂತ ಹೆಚ್ಚು."

ಇನ್ನೊಂದು ಕಡೆ ಇನ್ನೂ ಪ್ರಾಮಾಣಿಕವಾದ ಟಿಪ್ಪಣಿ: "ಈ ಕಾಲಸೂಚಿ ದುರ್ಬಲವಾಗಿದೆ. ಸಮಿತಿ ಏನೂ ಹೇಳಲಿಲ್ಲ. ದಯವಿಟ್ಟು ಅನುಸರಿಸಬೇಡಿ." ನನಗೆ ಕೇಳಿದರೆ ಇಡೀ ಕಡತದಲ್ಲಿ ಕಿರಿಯರಿಗೆ ಹೆಚ್ಚು ಉಪಯೋಗವಾದ ವಾಕ್ಯಗಳು ಇವೇ.

ಹುಡುಗನ ಕರಡನ್ನು ಹಿಂದಕ್ಕೆ ಕೊಟ್ಟು ಆ ಭಾಗವನ್ನು ಅವನೇ ಬರೆಯುವಂತೆ ಮಾಡಿದೆವು. ಸಲ್ಲಿಕೆಗೆ ಮೊದಲೇ ಸಿಕ್ಕಿದ್ದರಿಂದ ಅದನ್ನು ಪ್ರಕರಣವಾಗಿಸುವ ಅಗತ್ಯ ಬೀಳಲಿಲ್ಲ. ಅವನ ಪ್ರಯೋಗಾಲಯದಲ್ಲಿ ಇರುವ ಉಪಕರಣಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾವುದು ಕೆಟ್ಟರೆ ಏನು ಮಾಡುತ್ತೀಯ ಎಂದು ಒಂದೊಂದಾಗಿ ಕೇಳಿದಾಗ ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಿದ.

ನಂತರದ ಸುತ್ತುಗಳು

ಸೋತ ಅರ್ಜಿಯನ್ನು ಸೇರಿಸಿದ್ದರ ಅನಿರೀಕ್ಷಿತ ಪರಿಣಾಮವೆಂದರೆ ಬೇರೆಯವರ ಸಂಕೋಚ ಹೋದದ್ದು. ಆ ಯೋಜನೆಯಲ್ಲೇ ಅನುದಾನ ಪಡೆದ ಇನ್ನಿಬ್ಬರು ತಮ್ಮ ಅರ್ಜಿಗಳನ್ನು ಕೊಟ್ಟರು. ಒಬ್ಬರದು ಎರಡೇ ಉದ್ದೇಶಗಳದ್ದು, ಪ್ರಾಥಮಿಕ ದತ್ತಾಂಶವೇ ಇಲ್ಲದ್ದು, ವಿಧಾನವೊಂದರ ಹೊಸತನದ ಮೇಲೆ ಪೂರ್ತಿ ನಿಂತದ್ದು. ಇನ್ನೊಬ್ಬರದು ಇದಕ್ಕೆ ತದ್ವಿರುದ್ಧ: ವರ್ಷಗಳ ದತ್ತಾಂಶ, ಬರವಣಿಗೆ ಒಣಒಣ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವನಿಗೆ ಯಾವುದನ್ನು ನಕಲು ಮಾಡಬೇಕು ಎಂಬ ಪ್ರಶ್ನೆಯೇ ಕುಸಿದುಬೀಳುತ್ತಿತ್ತು. ಒಂದೇ ಧಾಟಿಯ ಕರಡುಗಳು ಬರುವುದು ಕಡಿಮೆಯಾಯಿತು. ಪೂರ್ತಿ ನಿಂತಿತೆಂದು ಹೇಳಲಾರೆ.

ಎಲ್ಲರಿಗೂ ಅನುದಾನ ಸಿಕ್ಕಿತೇ ಎಂದು ಕೇಳುವವರಿದ್ದಾರೆ. ಇಲ್ಲ. ಸರಪಳಿಯ ಟಿಪ್ಪಣಿ ಓದಿ ತನ್ನ ಉದ್ದೇಶಗಳನ್ನು ಬಿಡಿಸಿ ಕಟ್ಟಿದ ಅಭ್ಯರ್ಥಿಯೊಬ್ಬರಿಗೆ ಸಿಕ್ಕಿತು. ಅಷ್ಟೇ ಶ್ರದ್ಧೆಯಿಂದ ತಿದ್ದಿದ ಇನ್ನೊಬ್ಬರಿಗೆ ಸಿಗಲಿಲ್ಲ. ಅವರ ಅರ್ಜಿ ನನ್ನ ಕಣ್ಣಿಗೆ ಮೊದಲಿನವರದಕ್ಕಿಂತ ಉತ್ತಮವಾಗಿತ್ತು. ಹಂಚಿಕೆಯಿಂದ ಗೆಲ್ಲುವವರ ಸಂಖ್ಯೆ ಹೆಚ್ಚುವುದಿಲ್ಲ. ಕೊಡುವ ಫೆಲೋಶಿಪ್‌ಗಳು ಎಷ್ಟೋ ಅಷ್ಟೇ. ಸ್ಪರ್ಧೆಗೆ ಇಳಿಯುವವರ ನಡುವಿನ ಅಂತರ ಸ್ವಲ್ಪ ಕಿರಿದಾಗುತ್ತದೆ. ಹಿಂದೆ ಕಡತ ಸಿಗುತ್ತಿದ್ದವರಿಗೆ ಇದರಿಂದ ಒಂದಿಷ್ಟು ನಷ್ಟವೇ. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಆದರೆ ಕೆಲವು ದೊಡ್ಡ ಪ್ರಯೋಗಾಲಯಗಳ ಹಿಂಜರಿಕೆಯ ಬೇರು ಇಲ್ಲೂ ಇದೆ ಎಂದು ನನ್ನ ಅನುಮಾನ.

ಮಾರ್ಗದರ್ಶಕರು ಅಂಜಿದ್ದ ಕಳವು ಆಗಲಿಲ್ಲ. ಎರಡನೆಯ ಉದ್ದೇಶಕ್ಕೆ ತೀರ ಹತ್ತಿರದ ಕೆಲಸ ಮಾಡುತ್ತಿದ್ದ ಗುಂಪೊಂದು ಅರ್ಜಿ ಓದಿ ಬರೆಯಿತು. ಅವರು ಆ ಕೆಲಸವನ್ನು ಇದಕ್ಕೂ ಮೊದಲೇ ಹಿಡಿದಿದ್ದರು. ಇಬ್ಬರೂ ಒಂದೇ ಪ್ರಯೋಗ ಮಾಡುವುದು ತಪ್ಪಿತು. ಆದರೂ ಮಾರ್ಗದರ್ಶಕರು ಸೋಲೊಪ್ಪಲಿಲ್ಲ. "ಈ ಸಲ ಆಗಲಿಲ್ಲ, ಅಷ್ಟೇ," ಎನ್ನುತ್ತಾರೆ. ಒಂದು ಪ್ರಕರಣದಿಂದ ಅವರ ಮಾತನ್ನು ತಳ್ಳಿಹಾಕಲು ಬರುವುದಿಲ್ಲ. ಮೂರನೆಯ ಉದ್ದೇಶದ ಅಣುಗಳ ಹೆಸರು ಪೇಟೆಂಟ್ ಅರ್ಜಿ ಸಲ್ಲಿಕೆಯಾದ ಮೇಲೆಯೇ ಹೊಸ ಆವೃತ್ತಿಯಲ್ಲಿ ಸೇರಿತು.

ಕಡತಗಳು ಹಳತಾಗುವುದು ಇನ್ನೊಂದು ಸಮಸ್ಯೆ. ಎನ್‌ಐಎಚ್ 2010ರಲ್ಲಿ ತನ್ನ ಪ್ರಮುಖ ಅನುದಾನದ ಸಂಶೋಧನಾ ಯೋಜನೆಯನ್ನು 25 ಪುಟಗಳಿಂದ 12ಕ್ಕೆ ಇಳಿಸಿತು. ಹಿಂದಿನ ವರ್ಷದ ಅತ್ಯುತ್ತಮ ಮಾದರಿ ಒಂದೇ ದಿನದಲ್ಲಿ ದಾರಿತಪ್ಪಿಸುವ ಮಾದರಿಯಾಯಿತು. 2025ರ ಜನವರಿಯಿಂದ ಅಲ್ಲಿ ಐದು ಮೌಲ್ಯಮಾಪನ ಮಾನದಂಡಗಳನ್ನು ಮೂರು ಅಂಶಗಳಾಗಿ ಮರುಜೋಡಿಸಿದ್ದಾರೆ. ನಮ್ಮ ಸಂಶೋಧಕಿಯ ಯೋಜನೆಯಲ್ಲೂ ಶೀರ್ಷಿಕೆಗಳು ಬದಲಾದವು. ಆಗ ಪ್ರತಿ ಕಡತದ ಮೊದಲ ಪುಟದಲ್ಲಿ ಅದು ಯಾವ ಸುತ್ತಿನದು, ಆಗ ಪುಟಮಿತಿ ಎಷ್ಟಿತ್ತು, ಮಾನದಂಡ ಏನಿತ್ತು ಎಂದು ಬರೆಯುವ ಪದ್ಧತಿ ತಂದರು. ಹಳೆಯದನ್ನು ತೆಗೆದುಹಾಕುವ ಸಲಹೆ ಬಂದಿತ್ತು. ದಿನಾಂಕವಿದ್ದರೆ ಓದುವವನೇ ಅಳೆದುಕೊಳ್ಳುತ್ತಾನೆ ಎಂದು ಬಿಟ್ಟರು.

ಬರೆಯುವ ಯಂತ್ರಗಳ ವಿಷಯ ಮಾತ್ರ ಬಗೆಹರಿದಿಲ್ಲ. ಹಂಚಿದ ಅರ್ಜಿಗಳನ್ನೆಲ್ಲ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ತುಂಬಿ "ಇದೇ ರೀತಿ ನನ್ನ ವಿಷಯಕ್ಕೆ ಬರೆದುಕೊಡು" ಎನ್ನುವುದು ಈಗ ನಿಮಿಷಗಳ ಕೆಲಸ. ಎನ್‌ಐಎಚ್ 2023ರಲ್ಲಿ ಪರಿಶೀಲಕರು ಅರ್ಜಿಗಳನ್ನು ಅಂಥ ತಂತ್ರಾಂಶಗಳಿಗೆ ಹಾಕುವುದನ್ನು ನಿಷೇಧಿಸಿತು. 2025ರಲ್ಲಿ ಬಹುಪಾಲು ಯಂತ್ರವೇ ಬರೆದ ಅರ್ಜಿಗಳನ್ನು ಪರಿಗಣಿಸುವುದಿಲ್ಲ ಎಂದಿತು. ಒಬ್ಬ ಪ್ರಧಾನ ಸಂಶೋಧಕರು ವರ್ಷಕ್ಕೆ 6 ಅರ್ಜಿಗಳಿಗಿಂತ ಹೆಚ್ಚು ಸಲ್ಲಿಸುವಂತಿಲ್ಲ ಎಂದೂ ಮಿತಿ ಹಾಕಿತು. ಹಂಚಿದ ಕಡತಗಳನ್ನು ಯಂತ್ರಕ್ಕೆ ಹಾಕಬೇಡಿ ಎಂದು ಒಂದು ಸಾಲು ಬರೆಯೋಣ ಎಂದು ಸಂಶೋಧಕಿಯ ಸಂಗಡಿಗರೊಬ್ಬರು ಹೇಳಿದರು. ಹೆಸರು ಉಲ್ಲೇಖಿಸಿ ಏನು ಬೇಕಾದರೂ ಮಾಡಿ ಎಂಬ ಪರವಾನಗಿ ಕೊಟ್ಟ ಮೇಲೆ ಆ ಸಾಲಿಗೆ ಬೆಲೆ ಏನು ಎಂದು ಇನ್ನೊಬ್ಬರು ಕೇಳಿದರು. ಈ ವಾದ ಇನ್ನೂ ನಡೆದಿದೆ. ನನ್ನ ಮಟ್ಟಿಗೆ, ಅಂಚಿನ ಟಿಪ್ಪಣಿಗಳನ್ನು ಓದದೆ ಯಂತ್ರಕ್ಕೆ ತುಂಬಿದವನು ಉಪಕರಣದ ಆ ಹುಡುಗನಿಗಿಂತ ಮುಂದೇನೂ ಹೋಗಿಲ್ಲ.

ಈಗ ಆ ವಿಭಾಗದಲ್ಲಿ ಅನುದಾನ ಪಡೆದ ಪ್ರತಿಯೊಬ್ಬರನ್ನೂ ಮೊದಲ ವರ್ಷ ಮುಗಿಯುವಾಗ, ಅರ್ಜಿ ಹಂಚುತ್ತೀರಾ ಎಂದು ಕೇಳುತ್ತಾರೆ. ಗೆದ್ದದ್ದರ ಜೊತೆ ಅದಕ್ಕೂ ಹಿಂದೆ ಸೋತದ್ದು ಇದ್ದರೆ ಅದನ್ನೂ ಕೇಳುತ್ತಾರೆ. ಮೊದಲು ಕೇಳಿದವರಲ್ಲಿ ಒಬ್ಬರು, ಉದ್ಯಮದ ಪಾಲುದಾರರ ಜೊತೆ ಗೋಪ್ಯತಾ ಒಪ್ಪಂದವಿದ್ದದ್ದರಿಂದ, ಆಗುವುದಿಲ್ಲ ಎಂದರು. ಇನ್ನೊಬ್ಬರು ಏನೂ ಹೇಳದೆ ಬೇಡ ಎಂದರು. ಹೀಗೆ ಬೇಡ ಎಂದವರಿಂದ ಕಾರಣ ಕೇಳುವಂತಿಲ್ಲ ಎಂದು ಸಂಶೋಧಕಿಯೇ ನಿಯಮದಲ್ಲಿ ಬರೆಸಿದ್ದಾರೆ.